ಪದವಿ ಹೋದ ಮೇಲೂ ಉಳಿಯುವ ಸಂಘ

ಪಂಚಾಯಿತಿಯಲ್ಲಿ ಹೆಣ್ಣುಮಕ್ಕಳಿಗೆ ಸ್ಥಾನ ಕೊಡುವ ವಿಷಯದಲ್ಲಿ ಕರ್ನಾಟಕ ಮೊದಲೇ ಎಚ್ಚೆತ್ತ ರಾಜ್ಯ. 1983ರ ಕಾಯ್ದೆ ಶೇ 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. 1987ರ ಚುನಾವಣೆಯಲ್ಲಿ ಸಾವಿರಾರು ಮಹಿಳೆಯರು ಗೆದ್ದು ಮಂಡಲ ಪಂಚಾಯಿತಿಗಳಲ್ಲಿ ಕುಳಿತರು. ಸಂವಿಧಾನದ 73ನೇ ತಿದ್ದುಪಡಿಯ ಬೆನ್ನಿಗೆ ಬಂದ 1993ರ ಕಾಯ್ದೆ ಈ ಪಾಲನ್ನು ಮೂರನೇ ಒಂದಕ್ಕೆ ಏರಿಸಿತು, 2010ರ ತಿದ್ದುಪಡಿ ಅರ್ಧಕ್ಕೆ ತಂದಿತು. ರಾಜ್ಯದ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳ 90 ಸಾವಿರಕ್ಕೂ ಹೆಚ್ಚು ಸ್ಥಾನಗಳಲ್ಲಿ ಅರ್ಧದಷ್ಟು ಈಗ ಮಹಿಳೆಯರವು. ಗೆದ್ದು ಬಂದವಳಿಗೆ ಜೊತೆ ಯಾರು ಎಂಬುದನ್ನು ಮಾತ್ರ ಯಾವ ಕಾಯ್ದೆಯೂ ಕೇಳಲಿಲ್ಲ. ಅದನ್ನು ಗಂಭೀರವಾಗಿ ಕೇಳಿದ್ದು ಮಹಿಳಾ ಸಮಖ್ಯ ಎಂಬ ಸರ್ಕಾರಿ ಕಾರ್ಯಕ್ರಮ. ಅದರ ಸಂಘ ಕಟ್ಟುವ ಪದ್ಧತಿಯ ಸತ್ವವೇನು, ಸೋಲೇನು ಎಂದು ಇವತ್ತು ಮತ್ತೆ ತೂಗಿ ನೋಡಬೇಕಾಗಿದೆ.

ಆಯ್ಕೆಯಾದ ಮಹಿಳೆಯ ಒಂಟಿತನಕ್ಕೆ ಸ್ಪಷ್ಟ ಕಾರಣಗಳಿವೆ. ಹೆಚ್ಚಿನವರು ಆ ಊರಿಗೆ ಸೊಸೆಯಾಗಿ ಬಂದವರು. ಜೊತೆಗೆ ಬೆಳೆದ ಗೆಳತಿಯರು ತವರಲ್ಲಿ, ಇಲ್ಲವೇ ಅವರವರ ಗಂಡನ ಊರಲ್ಲಿ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುವುದರಿಂದ ಪಕ್ಷದ ಮಹಿಳಾ ಘಟಕದ ಆಸರೆಯೂ ನೇರವಾಗಿ ಸಿಗುವುದಿಲ್ಲ. ಪಂಚಾಯಿತಿಯ ನಿಜವಾದ ಮಾತುಕತೆ ನಡೆಯುವುದು ಚಹಾದಂಗಡಿಯಲ್ಲಿ, ಬಸ್ ನಿಲ್ದಾಣದ ಕಟ್ಟೆಯ ಮೇಲೆ, ರಾತ್ರಿ ಯಾರದೋ ಹೊಲದ ಮನೆಯಲ್ಲಿ. ಅಲ್ಲಿಗೆ ಅವಳು ಹೋಗುವಂತಿಲ್ಲ. ಸಭೆಗೆ ಬರುವಷ್ಟರಲ್ಲಿ ತೀರ್ಮಾನ ಆಗಿಹೋಗಿರುತ್ತದೆ, ಉಳಿದಿರುವುದು ಅವಳ ಸಹಿ ಮಾತ್ರ. ಮುಂದಿನ ಚುನಾವಣೆಯಲ್ಲಿ ಮೀಸಲಾತಿ ಬದಲಾದರೆ ಆ ಸ್ಥಾನವೂ ಕೈತಪ್ಪುತ್ತದೆ.

ಮಹಿಳಾ ಸಮಖ್ಯ ಹುಟ್ಟಿದ್ದು ಪಂಚಾಯಿತಿಗಾಗಿ ಅಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಹೆಣ್ಣುಮಕ್ಕಳ ಸಮಾನತೆಯ ಬಗ್ಗೆ ಆಡಿದ ಮಾತಿಗೆ ರೂಪ ಕೊಡಲು ಕೇಂದ್ರ ಸರ್ಕಾರ ಅದನ್ನು ಆರಂಭಿಸಿತು. ಕರ್ನಾಟಕದಲ್ಲಿ 1989ರಲ್ಲಿ ಬೀದರ್, ವಿಜಾಪುರ, ಮೈಸೂರು ಜಿಲ್ಲೆಗಳಿಂದ ಕೆಲಸ ಶುರುವಾಗಿ, ಮುಂದೆ ರಾಯಚೂರು, ಗುಲ್ಬರ್ಗ ಮೊದಲಾದ ಕಡೆಗೆ ಹಬ್ಬಿತು. ಸುಮಾರು ಹತ್ತು ಹಳ್ಳಿಗಳಿಗೆ ಒಬ್ಬ ಸಹಯೋಗಿನಿ. ದಲಿತ, ಭೂಹೀನ ಕೂಲಿ ಹೆಣ್ಣುಮಕ್ಕಳ ಕೇರಿಗೆ ಹೋಗುವುದು, ಕೂರುವುದು, ಕೇಳುವುದು ಅವಳ ಕೆಲಸ. ಸಾಲ, ಹೊಲಿಗೆ ಯಂತ್ರ, ಎಮ್ಮೆ ಯಾವುದರ ಆಸೆಯನ್ನೂ ಅವಳು ತೋರಿಸುವಂತಿರಲಿಲ್ಲ. ಏನು ಕಲಿಯಬೇಕು, ಯಾವುದಕ್ಕೆ ಹೋರಾಡಬೇಕು ಎಂಬುದನ್ನು ಸಂಘದ ಹೆಂಗಸರೇ ಹೇಳಬೇಕಿತ್ತು. ಬೋರ್‌ವೆಲ್, ಕೂಲಿ, ಸಾರಾಯಿ ಅಂಗಡಿ, ದೇವದಾಸಿ ಪದ್ಧತಿಯಂಥ ಸಂಗತಿಗಳು ಮಾತಿಗೆ ಬಂದವು. ಹಲವು ಊರುಗಳಲ್ಲಿ ಸಂಘದ ಮನೆ ಎದ್ದಿತು. ಹೆಂಗಸರು ಯಾರ ಅಪ್ಪಣೆಯೂ ಇಲ್ಲದೆ ಕಾಲು ಚಾಚಿ ಕೂರಬಹುದಾದ ಜಾಗ ಅದು. ಅಂಥ ಜಾಗ ಆ ಊರುಗಳಿಗೆ ಹೊಸದು. 1993ರ ನಂತರದ ಚುನಾವಣೆಗಳಲ್ಲಿ ಸಂಘದ ಅನೇಕರು ಪಂಚಾಯಿತಿಗೆ ನಿಂತರು, ಗೆದ್ದರು.

ಈ ಪದ್ಧತಿಯ ನಿಜವಾದ ಬಲ ತಾಲ್ಲೂಕು ಮಟ್ಟದ ಒಕ್ಕೂಟಗಳಲ್ಲಿ ಕಾಣುತ್ತಿತ್ತು. ರಾಯಚೂರು ಕಡೆಯ ಅಂಥದೊಂದು ಸಭೆ ನನಗೆ ಚೆನ್ನಾಗಿ ನೆನಪಿದೆ. ಹೊಸದಾಗಿ ಆಯ್ಕೆಯಾದ ಸದಸ್ಯೆಯೊಬ್ಬಳು, ನಡಾವಳಿ ಪುಸ್ತಕದ ಖಾಲಿ ಹಾಳೆಗೆ ತನ್ನಿಂದ ಸಹಿ ಹಾಕಿಸಿಕೊಂಡರೆಂದು ತಲೆ ತಗ್ಗಿಸಿ ಹೇಳಿದಳು. ಯಾರೂ ಬಯ್ಯಲಿಲ್ಲ. ಹಿಂದೊಮ್ಮೆ ಸದಸ್ಯೆಯಾಗಿದ್ದ ಹಿರಿಯಳೊಬ್ಬಳು, "ಮೊದ್ಲು ಓದಿ ಹೇಳ್ರಿ, ಆಮ್ಯಾಲೆ ಸಹಿ ಹಾಕ್ತೀನಿ ಅನ್ನು ಯವ್ವಾ. ಹೊತ್ತಾದ್ರ ಆಗಲಿ, ಅವರಿಗೂ ಕಾಯೂದು ರೂಢಿ ಆಗ್ಲಿ" ಎಂದಳು. ಅಷ್ಟಕ್ಕೇ ಬಿಡಲಿಲ್ಲ. ಒಬ್ಬಳು ಕಾರ್ಯದರ್ಶಿಯಾದಳು, ಒಬ್ಬಳು ಅಧ್ಯಕ್ಷೆಯಾದಳು. ಜಮಖಾನೆಯ ಮೇಲೆಯೇ ಪಂಚಾಯಿತಿ ಸಭೆ ನಡೆಯಿತು. ಆ ಹುಡುಗಿ ದನಿ ನಡುಗದೆ ಆ ಮಾತು ಹೇಳುವ ತನಕ ಮತ್ತೆ ಮತ್ತೆ ಹೇಳಿಸಿದರು. ಮುಂದಿನ ಸಭೆಯ ದಿನ ಪಕ್ಕದ ಊರಿನ ಇಬ್ಬರು ಅವಳ ಜೊತೆ ಹೋಗಿ ಪಂಚಾಯಿತಿಯ ಪಡಸಾಲೆಯಲ್ಲಿ ಕೂರುವುದೆಂದು ಗೊತ್ತುಮಾಡಿದರು.

ತರಬೇತಿ ಸಂಸ್ಥೆಯ ಪಾಠಕ್ಕೂ ಇದಕ್ಕೂ ಇರುವ ಅಂತರವನ್ನು ಗಮನಿಸಬೇಕು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯಂಥ ಕಡೆ ಸದಸ್ಯರಿಗೆ ಕಾಯ್ದೆ, ಬಜೆಟ್, ಸ್ಥಾಯಿ ಸಮಿತಿಗಳ ತಿಳಿವಳಿಕೆ ಸಿಗುತ್ತದೆ. ಅದು ಬೇಕೇ ಬೇಕು. ಆದರೆ ನಡಾವಳಿ ಓದಿಸಿಕೊಳ್ಳುವ ಹಕ್ಕು ತನಗಿದೆ ಎಂದು ತಿಳಿದವಳೂ ಹತ್ತು ಗಂಡಸರ ನಡುವೆ ಬಾಯಿ ತೆರೆಯಲು ಹಿಂಜರಿಯುತ್ತಾಳೆ. ಹೊರಗೆ ಪಡಸಾಲೆಯಲ್ಲಿ ತನ್ನವರು ಕುಳಿತಿದ್ದಾರೆ ಎಂಬ ನೆಚ್ಚಿಕೆ ಅವಳನ್ನು ಮಾತಾಡಿಸುತ್ತದೆ. ಸಂಘ ಕೊಟ್ಟದ್ದು ಆ ನೆಚ್ಚಿಕೆ. ಮಾಜಿ ಸದಸ್ಯೆಗೂ ಅಲ್ಲಿ ಹಾಲಿ ಸದಸ್ಯೆಯಷ್ಟೇ ಮಾನವಿತ್ತು. ಸೋತವಳ ಅನುಭವವೂ ಸಂಘದ ಆಸ್ತಿಯಾಗಿತ್ತು.

ಇಷ್ಟು ಹೇಳಿದ ಮೇಲೆ ಕೊರತೆಗಳನ್ನು ಮರೆಮಾಚುವುದು ಆ ಹೆಂಗಸರಿಗೆ ಮಾಡುವ ಅನ್ಯಾಯ. ದಲಿತ ಹೆಣ್ಣುಮಕ್ಕಳಿಂದ ಆರಂಭಿಸಿದ್ದು ಸರಿಯಾದ ಆಯ್ಕೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಪಂಚಾಯಿತಿ ಸಭೆಯಲ್ಲಿ ಪಕ್ಕದ ಕುರ್ಚಿಯಲ್ಲಿರುವ ಮೇಲ್ಜಾತಿಯ ಸದಸ್ಯೆಯನ್ನು ಸಂಘಕ್ಕೆ ಹೇಗೆ ಬೆಸೆಯಬೇಕು ಎಂಬುದಕ್ಕೆ ಗಟ್ಟಿಯಾದ ದಾರಿ ಸಿಗಲಿಲ್ಲ. ಆಕೆ ಕೇರಿಯ ಸಂಘದ ಮನೆಗೆ ಬರಲಿಲ್ಲ, ಇವರು ಆಕೆಯ ಮನೆಯ ಒಳಗೆ ಹೋಗುವಂತಿರಲಿಲ್ಲ. ಅವಿಶ್ವಾಸ ನಿರ್ಣಯ ಬಂದಾಗ ಹೆಣ್ಣುಮಕ್ಕಳ ಮತಗಳು ಜಾತಿಯ ಗೆರೆಯ ಮೇಲೆ ಒಡೆದರೆ ದಲಿತ ಅಧ್ಯಕ್ಷೆಯನ್ನು ಉಳಿಸುವವರಿಲ್ಲ. ಎರಡನೆಯ ಕೊರತೆ ಹಣದ್ದು. ಸಹಯೋಗಿನಿಯ ಓಡಾಟ, ಒಕ್ಕೂಟದ ಸಭೆಯ ಖರ್ಚು ಎಲ್ಲವೂ ಯೋಜನೆಯ ಹಣವನ್ನೇ ನೆಚ್ಚಿದ್ದವು. 2016ರ ಹೊತ್ತಿಗೆ ಕೇಂದ್ರ ಸರ್ಕಾರ ಕಾರ್ಯಕ್ರಮವನ್ನೇ ಕೈಬಿಟ್ಟಾಗ ಎಷ್ಟೋ ಕಡೆ ಬಂಧ ಸಡಿಲವಾಯಿತು. ಮೂವತ್ತು ಕಿಲೋಮೀಟರ್ ದೂರದ ತಾಲ್ಲೂಕು ಸಭೆಗೆ ಬರುವ ಕೂಲಿಯವಳಿಗೆ ಬಸ್ ಚಾರ್ಜು ಮಾತ್ರವಲ್ಲ, ಒಂದು ದಿನದ ಕೂಲಿಯೂ ಹೋಗುತ್ತದೆ.

ಈಗ ಹಳ್ಳಿಗಳಲ್ಲಿ ಎದ್ದು ಕಾಣುವುದು ರಾಜ್ಯದ ಗ್ರಾಮೀಣ ಜೀವನೋಪಾಯ ಯೋಜನೆಯಾದ ಸಂಜೀವಿನಿಯ ಒಕ್ಕೂಟಗಳು. ಸ್ವಸಹಾಯ ಸಂಘ, ವಾರ್ಡ್ ಒಕ್ಕೂಟ, ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟ ಎಂಬ ಕಟ್ಟು ಭದ್ರವಾಗಿದೆ. ಲೆಕ್ಕದ ಪುಸ್ತಕವಿದೆ, ತನ್ನದೇ ನಿಧಿಯಿದೆ, ಎಲ್ಲ ಜಾತಿಯ ಹೆಣ್ಣುಮಕ್ಕಳೂ ಬರುತ್ತಾರೆ. ಸಮಖ್ಯಕ್ಕೆ ಇಲ್ಲದಿದ್ದುದೆಲ್ಲ ಇಲ್ಲಿದೆ. ಆದರೆ ಸಭೆಯ ಬಹುಪಾಲು ಹೊತ್ತು ಉಳಿತಾಯ, ಸಾಲ, ಕಂತಿನಲ್ಲೇ ಕಳೆಯುತ್ತದೆ. ಕಂತು ಕಟ್ಟಲಾಗದ ವಾರ ಗೆಳತಿಯೇ ಬಾಗಿಲಿಗೆ ಬಂದು ಕೇಳಬೇಕಾಗುತ್ತದೆ. ಗಂಡ ಹೊಡೆದದ್ದನ್ನೋ, ಖಾಲಿ ಹಾಳೆಗೆ ಸಹಿ ಹಾಕಿದ್ದನ್ನೋ ಅಂಥ ಸಭೆಯಲ್ಲಿ ಬಾಯಿಬಿಟ್ಟು ಹೇಳುವುದು ಕಷ್ಟ.

ನನ್ನ ತೀರ್ಮಾನ ಇಷ್ಟು: ಸಮಖ್ಯದ ಮಾತಿನ ಗುಣವೂ ಸಂಜೀವಿನಿಯ ಕಟ್ಟಿನ ಗಟ್ಟಿತನವೂ ಒಂದೆಡೆ ಸೇರದೆ ಪಂಚಾಯಿತಿಯ ಹೆಣ್ಣುಮಕ್ಕಳ ಒಂಟಿತನ ನೀಗುವುದಿಲ್ಲ. ಇದಕ್ಕೆ ಹೊಸ ಯೋಜನೆ ಬೇಕಿಲ್ಲ. ಮಹಿಳಾ ಗ್ರಾಮ ಸಭೆ ನಡೆಸುವ ಪದ್ಧತಿ ನಮ್ಮಲ್ಲಿ ಈಗಾಗಲೇ ಇದೆ; ಅದರ ಮುನ್ನಾದಿನ ಹಾಲಿ, ಮಾಜಿ, ಸೋತ ಅಭ್ಯರ್ಥಿಗಳೆಲ್ಲ ಒಟ್ಟಿಗೆ ಕೂರುವ ಏರ್ಪಾಡಾಗಲಿ. ಒಕ್ಕೂಟದ ಸಭೆಯಲ್ಲಿ ಸಾಲದ ಮಾತೆತ್ತದ ಒಂದು ದಿನವಿರಲಿ. ತಾಲ್ಲೂಕಿನ ಸದಸ್ಯೆಯರು ಕಲೆಯುವ ಸಭೆಗೆ ಪಂಚಾಯಿತಿಯೇ ಬಸ್ ಚಾರ್ಜನ್ನೂ ದಿನದ ಭತ್ಯೆಯನ್ನೂ ಕೊಡಲಿ. ಆ ಸಭೆ ಒಮ್ಮೆ ಸಂಘದ ಮನೆಯಲ್ಲಿ, ಇನ್ನೊಮ್ಮೆ ಊರ ಮೇಲ್ಜಾತಿಯ ಬೀದಿಯ ಸಮುದಾಯ ಭವನದಲ್ಲಿ ನಡೆಯಲಿ. ಎಲ್ಲರೂ ಎರಡೂ ಕಡೆಗೆ ಹೋಗುವಂತಾಗಲಿ. ಮೀಸಲಾತಿ ಕೊಟ್ಟ ಸ್ಥಾನ ಐದು ವರ್ಷಕ್ಕೆ ಮುಗಿಯುತ್ತದೆ. ಆ ಐದು ವರ್ಷದಲ್ಲಿ ಕಲಿತದ್ದನ್ನು ಮುಂದೆ ಬರುವವಳ ಕೈಗೆ ಒಪ್ಪಿಸುವ ಸಂಘ ಇಲ್ಲದೆ ಹೋದರೆ, ಪ್ರತಿ ಚುನಾವಣೆಯಲ್ಲೂ ನಮ್ಮ ಹೆಣ್ಣುಮಕ್ಕಳು ಮೊದಲಿನಿಂದಲೇ ಶುರುಮಾಡಬೇಕಾಗುತ್ತದೆ.