ಖಾಲಿ ಕುರ್ಚಿಗಳ ನಷ್ಟ ಯಾರ ಲೆಕ್ಕಕ್ಕೆ?

ಮನೆಯಲ್ಲಿ ನಡೆಸುವ ಮಾರಾಟದ ಪಾರ್ಟಿಗೆ ಜನ ಬಾರದಿದ್ದರೆ ಏನು ಮಾಡಬೇಕು? ಆ ವ್ಯಾಪಾರದಲ್ಲಿ ಇದಕ್ಕೆ ಸಿದ್ಧ ಉತ್ತರಗಳಿವೆ. ಎಂಟು ಜನ ಬೇಕಿದ್ದರೆ ಇಪ್ಪತ್ತು ಜನರನ್ನು ಕರೆಯಿರಿ. ಒಂದು ವಾರ ಮುಂಚೆ ಒಂದು ಫೋನ್ ಮಾಡಿ, ಹಿಂದಿನ ದಿನ ಇನ್ನೊಂದು. ಬರುವಾಗ ಗೆಳತಿಯೊಬ್ಬಳನ್ನು ಕರೆತಂದರೆ ಪುಟ್ಟ ಉಡುಗೊರೆ ಉಂಟೆನ್ನಿ. ಬಾರದವರ ಮನೆಗೆ ಕ್ಯಾಟಲಾಗ್ ಕಳಿಸಿ ಆರ್ಡರ್ ತರಿಸಿಕೊಳ್ಳಿ. ಏನೂ ಆಗದಿದ್ದರೆ ಪಾರ್ಟಿಯನ್ನು ಮುಂದಕ್ಕೆ ಹಾಕಿ, ಆದರೆ ಕೈಬಿಡಬೇಡಿ. ಬಂದ ಇಬ್ಬರು ಮೂವರ ಮುಂದೆ ಮುಖ ಬಾಡಿಸಬೇಡಿ.

ಇವುಗಳಲ್ಲಿ ಕೊನೆಯ ಮಾತು ನಿಜಕ್ಕೂ ಒಳ್ಳೆಯದು. ಅದನ್ನು ಆಮೇಲೆ ನೋಡೋಣ. ಉಳಿದ ಸಲಹೆಗಳೆಲ್ಲ ಒಂದೇ ನಂಬಿಕೆಯ ಮೇಲೆ ನಿಂತಿವೆ. ಜನ ಬಾರದಿದ್ದರೆ ಅದು ಕರೆದವಳ ತಪ್ಪು, ಕರೆಯುವುದನ್ನು ಇನ್ನಷ್ಟು ಚೆನ್ನಾಗಿ ಕಲಿತರೆ ಕೋಣೆ ತುಂಬುತ್ತದೆ ಎಂಬ ನಂಬಿಕೆ ಅದು. ಎಪ್ಪತ್ತು ವರ್ಷಗಳಿಂದ ಹೆಂಗಸರಿಗೆ ಹೇಳಿಕೊಡುತ್ತ ಬಂದ ಈ ಪಾಠ ಅವರಿಗೆ ಅನ್ಯಾಯ ಮಾಡಿದೆ ಎಂಬುದು ನನ್ನ ಅಭಿಪ್ರಾಯ.

ಪದ್ಧತಿ ಹುಟ್ಟಿದ ಜಾಗಕ್ಕೆ ಹೋದರೆ ಈ ಆತಂಕದ ಬೇರು ಸಿಗುತ್ತದೆ. ಅಮೆರಿಕದಲ್ಲಿ 1931ರಲ್ಲಿ ಶುರುವಾದ ಸ್ಟ್ಯಾನ್ಲಿ ಹೋಮ್ ಪ್ರಾಡಕ್ಟ್ಸ್ ಕಂಪನಿ ಬ್ರಷ್ಷು, ಒರೆಸುವ ಕೋಲಿನಂಥ ಮನೆ ಶುಚಿಯ ಸಾಮಾನು ಮಾರುತ್ತಿತ್ತು. ಒಂದೊಂದೇ ಬಾಗಿಲು ತಟ್ಟಿ ಒಬ್ಬೊಬ್ಬರಿಗೇ ಅದೇ ಮಾತು ಹೇಳುವ ಬದಲು, ಒಬ್ಬ ಗೃಹಿಣಿಯ ಮನೆಯಲ್ಲಿ ನೆರೆಹೊರೆಯವರನ್ನು ಕೂಡಿಸಿ ಎಲ್ಲರಿಗೂ ಒಟ್ಟಿಗೆ ತೋರಿಸಿದರೆ ದಣಿವು ಕಡಿಮೆ, ಮಾರಾಟ ಹೆಚ್ಚು ಎಂಬುದನ್ನು ಅಲ್ಲಿ ಕಂಡುಕೊಂಡರು. ಬ್ರೌನಿ ವೈಸ್ ಪಳಗಿದ್ದು ಆ ಗರಡಿಯಲ್ಲಿ. ಗಂಡನಿಂದ ಬೇರೆಯಾಗಿ ಮಗನನ್ನು ಒಬ್ಬರೇ ಸಾಕುತ್ತಿದ್ದ ಆಕೆ ಅರ್ಲ್ ಟಪ್ಪರ್ ತಯಾರಿಸಿದ ಪ್ಲಾಸ್ಟಿಕ್ ಡಬ್ಬಿಗಳನ್ನು ಪಾರ್ಟಿಗಳಲ್ಲಿ ಮಾರತೊಡಗಿದರು. ಅದೇ ಡಬ್ಬಿಗಳು ಅಂಗಡಿಗಳ ಶೆಲ್ಫಿನಲ್ಲಿ ಕೊಳ್ಳುವವರಿಲ್ಲದೆ ಕೂತಿದ್ದವು. ಮುಚ್ಚಳದ ನಡುವೆ ಒತ್ತಿ, ಅಂಚನ್ನು ಚೂರು ಎತ್ತಿ, ಒಳಗಿನ ಗಾಳಿಯನ್ನು ಹೊರಬಿಟ್ಟು ಬಿಗಿ ಮಾಡುವ ಆ ಕೈಚಳಕ ಯಾರಾದರೂ ಮಾಡಿ ತೋರಿಸದೆ ತಿಳಿಯುವಂಥದ್ದಲ್ಲ. ವೈಸ್ ಅವರು ಒಳಗೆ ದ್ರವ ತುಂಬಿದ ಡಬ್ಬಿಯನ್ನು ಕೋಣೆಯ ಈ ಕಡೆಯಿಂದ ಆ ಕಡೆಗೆ ಎಸೆಯುತ್ತಿದ್ದರು, ಹನಿಯೂ ಚೆಲ್ಲುತ್ತಿರಲಿಲ್ಲ. 1951ರಲ್ಲಿ ಟಪ್ಪರ್‌ವೇರ್ ಎಂಬ ಟಪ್ಪರ್ ಅವರ ಕಂಪನಿ ಅಂಗಡಿಗಳಿಂದ ಸರಕನ್ನು ಹಿಂದಕ್ಕೆ ಪಡೆದು ಪಾರ್ಟಿಗಳನ್ನೇ ನಂಬಿತು. ಅದರ ಹೊಣೆ ವೈಸ್ ಅವರಿಗೆ ಬಂತು. 1954ರಲ್ಲಿ ಬಿಸಿನೆಸ್ ವೀಕ್ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂದಾಗ, ಆ ಮುಖಪುಟದಲ್ಲಿ ಕಾಣಿಸಿಕೊಂಡ ಮೊದಲ ಹೆಂಗಸು ಅವರಾಗಿದ್ದರು.

ಎಸೆದ ಡಬ್ಬಿಗೆ ಉಸಿರು ಬಿಗಿಹಿಡಿಯುವ ಗುಂಪು ಬೇಕು. ಮೂವರೇ ಕೂತಿರುವ ಕೋಣೆಯಲ್ಲಿ ಡಬ್ಬಿ ಎಸೆದರೆ ಎಸೆದವಳಿಗೂ ಮುಜುಗರ, ನೋಡಿದವರಿಗೂ ಮುಜುಗರ. ಅಂದರೆ ಪಾರ್ಟಿಯ ರೂಪವೇ ಹತ್ತು ಹನ್ನೆರಡು ಜನರ ಅಳತೆಗೆ ಹೊಲಿದದ್ದು. ನಿಂತು ಕೊಡುವ ಡೆಮೊ, ನಡುನಡುವೆ ಆಟ, ಗೆದ್ದವರಿಗೆ ಬಹುಮಾನ, ಒಬ್ಬಳು ಆರ್ಡರ್ ಬರೆಸಿದ್ದನ್ನು ಕಂಡು ಪಕ್ಕದವಳೂ ಬರೆಸುವುದು, ಇವೆಲ್ಲ ಗುಂಪಿದ್ದರೆ ಮಾತ್ರ ನಡೆಯುವಂಥವು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಬಂದವರಲ್ಲಿ ಒಬ್ಬಿಬ್ಬರು ಮುಂದಿನ ಪಾರ್ಟಿಯನ್ನು ತಮ್ಮ ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪಿದರೆ ತಾನೇ ವ್ಯಾಪಾರದ ಸರಪಳಿ ಮುಂದುವರಿಯುವುದು? ಹತ್ತು ಜನರಲ್ಲಿ ಇಬ್ಬರು ಒಪ್ಪಿಯಾರು. ಮೂವರಲ್ಲಿ ಯಾರು ಒಪ್ಪುತ್ತಾರೆ? ಖಾಲಿ ಸಂಜೆಯೊಂದು ಆ ದಿನದ ಸಂಪಾದನೆಯ ಜೊತೆಗೆ ಮುಂದಿನ ತಿಂಗಳ ಕ್ಯಾಲೆಂಡರನ್ನೂ ಖಾಲಿ ಮಾಡುತ್ತದೆ. ಮಾರುವವಳ ಗಾಬರಿ ಸುಮ್ಮನೆ ಹುಟ್ಟಿದ್ದಲ್ಲ.

ಹಾಗಾದರೆ ಆ ಸಂಜೆಯ ನಷ್ಟ ಹೊರುವವರು ಯಾರು? ಮಾರಾಟಗಾರ್ತಿಗೆ ಸಂಬಳವಿಲ್ಲ, ಮಾರಿದ್ದರ ಮೇಲಷ್ಟೇ ಕಮಿಷನ್. ಹೋಗಿಬರುವ ಖರ್ಚು, ಹೊತ್ತು ತಂದ ಸ್ಯಾಂಪಲ್, ಮನೆಯಲ್ಲಿ ಬಿಟ್ಟು ಬಂದ ಕೆಲಸ ಎಲ್ಲವೂ ಅವಳದೇ. ಮನೆಯೊಡತಿ ಕೋಣೆ ಗುಡಿಸಿ, ತಿಂಡಿ ಮಾಡಿ, ಕುರ್ಚಿ ಜೋಡಿಸಿ ಕಾದಿರುತ್ತಾಳೆ. ಅವಳಿಗೆ ಸಿಗುವ ಉಡುಗೊರೆಯ ಬೆಲೆ ಆ ದಿನದ ಮಾರಾಟದ ಮೊತ್ತಕ್ಕೂ ಅಲ್ಲಿ ಗೊತ್ತಾದ ಮುಂದಿನ ಪಾರ್ಟಿಗಳ ಸಂಖ್ಯೆಗೂ ತಕ್ಕಂತೆ ಏರಿಳಿಯುತ್ತದೆ. ಜನ ಬಾರದಿದ್ದರೆ ಉಡುಗೊರೆಯೂ ಸೊರಗುತ್ತದೆ, ಗೆಳತಿಯರು ತನ್ನ ಮಾತಿಗೆ ಬೆಲೆ ಕೊಡಲಿಲ್ಲವೆಂಬ ನೋವು ಬೇರೆ. ಕಂಪನಿಗೆ? ಆರ್ಡರ್ ಬಂದಷ್ಟಕ್ಕೆ ಸರಕು ಕಳಿಸುವ ಅದಕ್ಕೆ ಆ ಕೋಣೆಯ ಬಾಡಿಗೆಯಿಲ್ಲ, ದೀಪದ ಖರ್ಚಿಲ್ಲ, ಸಂಜೆಯ ಸಂಬಳವೂ ಇಲ್ಲ. ಸಾವಿರ ಮನೆಗಳಲ್ಲಿ ಕುರ್ಚಿಗಳು ಖಾಲಿ ಉಳಿದರೂ ಒಂದು ಕುರ್ಚಿಯ ನಷ್ಟವೂ ಅದರ ಪುಸ್ತಕಕ್ಕೆ ಏರುವುದಿಲ್ಲ.

ಈ ಪದ್ಧತಿಯಲ್ಲಿ ಒಳ್ಳೆಯದೇನೂ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಬಂಡವಾಳ, ಪದವಿ, ಕಚೇರಿ ಯಾವುದೂ ಇಲ್ಲದ ಲಕ್ಷಾಂತರ ಹೆಂಗಸರಿಗೆ ಮಕ್ಕಳನ್ನು ನೋಡಿಕೊಳ್ಳುತ್ತಲೇ ದುಡಿಯುವ ದಾರಿಯನ್ನು ಅದು ತೆರೆಯಿತು. ತಮ್ಮ ಹೆಸರನ್ನು ವೇದಿಕೆಯ ಮೇಲೆ ಯಾರೋ ಕೂಗಿ ಕರೆದದ್ದನ್ನು ಎಷ್ಟೋ ಜನ ಮೊದಲ ಸಲ ಕೇಳಿದ್ದು ಕಂಪನಿ ಫ್ಲಾರಿಡಾದಲ್ಲಿ ನಡೆಸುತ್ತಿದ್ದ ವಾರ್ಷಿಕ ಸಮಾವೇಶಗಳಲ್ಲಿ. ಆದರೆ ಆ ಸಮಾವೇಶಗಳನ್ನು ಕಟ್ಟಿದ ವೈಸ್ ಅವರ ಕೈಯಲ್ಲೇ ಕಂಪನಿಯ ಒಂದು ಷೇರೂ ಇರಲಿಲ್ಲ. 1958ರಲ್ಲಿ ಅವರನ್ನು ಹೊರಗೆ ಹಾಕಿದಾಗ ಸಿಕ್ಕಿದ್ದು ಸುಮಾರು ಒಂದು ವರ್ಷದ ಸಂಬಳ. ಅದೇ ವರ್ಷ ಟಪ್ಪರ್ ಕಂಪನಿಯನ್ನು ರೆಕ್ಸಾಲ್ ಎಂಬ ಕಂಪನಿಗೆ 1.6 ಕೋಟಿ ಡಾಲರಿಗೆ ಮಾರಿದರು. ಲಾಭ ಮೇಲಕ್ಕೂ ಅಪಾಯ ಕೆಳಕ್ಕೂ ಹರಿಯುವ ಈ ಏರ್ಪಾಡಿಗೆ, ಅದನ್ನು ಎಬ್ಬಿಸಿ ನಿಲ್ಲಿಸಿದವರೇ ಸಿಕ್ಕಿಬಿದ್ದರು.

ತಪ್ಪನ್ನು ತನ್ನಲ್ಲೇ ಹುಡುಕು ಎಂಬ ಪಾಠಕ್ಕೆ ಇನ್ನೊಂದು ಮೂಲವಿದೆ. ಸ್ಟ್ಯಾನ್ಲಿ ಕಂಪನಿಯಲ್ಲೇ ಕೆಲಸ ಕಲಿತು, 1963ರಲ್ಲಿ ಡಲ್ಲಾಸ್‌ನಲ್ಲಿ ತಮ್ಮದೇ ಸೌಂದರ್ಯ ಸಾಧನಗಳ ಕಂಪನಿ ತೆರೆದ ಮೇರಿ ಕೇ ಆ್ಯಶ್ ತಮ್ಮ ಆತ್ಮಕಥೆಯಲ್ಲಿ ಒಂದು ಪ್ರಸಂಗ ಹೇಳುತ್ತಾರೆ. ಅವರ ಮೊದಲ ಪ್ರದರ್ಶನದಲ್ಲಿ ಆದ ಒಟ್ಟು ಮಾರಾಟ ಒಂದೂವರೆ ಡಾಲರ್. ಕಾರನ್ನು ಬೀದಿಯ ತಿರುವಿನಾಚೆ ನಿಲ್ಲಿಸಿ, ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತರು. ಆಮೇಲೆ ತಾನೆಲ್ಲಿ ಎಡವಿದೆ ಎಂದು ಕೇಳಿಕೊಂಡಾಗ, ಕೊಳ್ಳುತ್ತೀರಾ ಎಂದು ಬಂದವರನ್ನು ಕೇಳುವುದನ್ನೇ ಮರೆತಿದ್ದು ಹೊಳೆಯಿತು. ಇದು ಪ್ರಾಮಾಣಿಕವಾದ ಕಥೆ, ಆ ಸಂದರ್ಭಕ್ಕೆ ಅವರು ಕಂಡುಕೊಂಡ ಉತ್ತರವೂ ಸರಿ. ಆದರೆ ಕಂಪನಿಯ ಒಡತಿ ಹೇಳಿದಾಗ ಅದು ಕಥೆಯಾಗಿ ಉಳಿಯದೆ ಸೂತ್ರವಾಗಿಬಿಡುತ್ತದೆ. ಸೂತ್ರವಾದ ಮೇಲೆ ಮಳೆ ಬಂದದ್ದೂ, ಮಕ್ಕಳ ಪರೀಕ್ಷೆಯೂ, ತಿಂಗಳ ಕೊನೆಯೂ, ಅದೇ ಬೀದಿಯಲ್ಲಿ ಈಗಾಗಲೇ ಮೂರು ಪಾರ್ಟಿ ಆಗಿಹೋದದ್ದೂ ಕಾರಣಗಳಲ್ಲ, ನೆಪಗಳು ಮಾತ್ರ.

ಅದೇ ಮೇರಿ ಕೇ ಮಾಡಿದ ಇನ್ನೊಂದು ಕೆಲಸವನ್ನು ಮಾತ್ರ ನಾನು ಮನಸಾರೆ ಮೆಚ್ಚುತ್ತೇನೆ. ತರಗತಿ ಎಂದು ಕರೆಯುತ್ತಿದ್ದ ತಮ್ಮ ಕೂಟಗಳಿಗೆ ಐದಾರು ಜನರಿಗಿಂತ ಹೆಚ್ಚು ಬೇಡವೆಂದರು. ಪ್ರತಿಯೊಬ್ಬರೂ ಕ್ರೀಮನ್ನು ತಮ್ಮ ಮುಖಕ್ಕೇ ಹಚ್ಚಿ ನೋಡಬೇಕು, ಹತ್ತಿರ ಕೂತು ಅವರ ಪ್ರಶ್ನೆಗೆ ಉತ್ತರಿಸಬೇಕು ಎಂಬುದು ಅವರ ಲೆಕ್ಕ. ಹತ್ತು ಹನ್ನೆರಡು ಜನರಿಗಾಗಿ ಕಟ್ಟಿದ ಪಾರ್ಟಿಗೆ ನಾಲ್ವರು ಬಂದರೆ ಸೋಲು, ಐವರಿಗಾಗಿ ಕಟ್ಟಿದ ತರಗತಿಗೆ ನಾಲ್ವರು ಬಂದರೆ ಚೆಂದದ ಸಂಜೆ. ಕಡಿಮೆ ಜನ ಎಂಬುದು ಕೂಟದ ರೂಪ ತೀರ್ಮಾನಿಸುವ ಸಂಗತಿ ಎಂದು ಈ ಒಂದು ನಿರ್ಧಾರ ತೋರಿಸಿಕೊಡುತ್ತದೆ. ಇಷ್ಟು ಸುಲಭವಾದ ಪರಿಹಾರ ಕಣ್ಣೆದುರೇ ಇದ್ದರೂ ಕರೆಯೋಲೆಗಳನ್ನು ಮೂರು ಪಟ್ಟು ಮಾಡಿ ಎಂಬ ಸಲಹೆಯೇ ಇಂದಿಗೂ ಹೆಚ್ಚು ಓಡಾಡುತ್ತಿದೆ.

ಆ ಸಲಹೆ ಅಪಾಯದ್ದು. ಮನೆ ಪಾರ್ಟಿಗಳಲ್ಲಿ ಕೊಳ್ಳುವವರ ಬಗ್ಗೆ ಜೊನಾಥನ್ ಫ್ರೆಂಜೆನ್ ಮತ್ತು ಹ್ಯಾರಿ ಡೇವಿಸ್ ನಡೆಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಸ್ತುವಿನ ಮೇಲಿನ ಒಲವಿಗಿಂತ ಮನೆಯೊಡತಿಯ ಜೊತೆಗಿನ ನಂಟೇ ಕೊಳ್ಳುವ ನಿರ್ಧಾರದಲ್ಲಿ ಹೆಚ್ಚು ಬಲವಾಗಿ ಕೆಲಸ ಮಾಡುತ್ತದೆ ಎಂಬುದು ಕಂಡಿತು. ಇದನ್ನು ತಿರುಗಿಸಿ ನೋಡಿ. ಹೋದರೆ ಬರಿಗೈಲಿ ಬರಲಾಗದು ಎಂದು ಗೊತ್ತಿರುವವಳಿಗೆ ಮರ್ಯಾದೆಯಿಂದ ಬೇಡವೆನ್ನಲು ಉಳಿದಿರುವ ದಾರಿ ಒಂದೇ, ಹೋಗದಿರುವುದು. ಗೆಳತಿಯ ಮುಖ ನೋಡಿ ಇಲ್ಲವೆನ್ನಲಾರದೆ ಬರುತ್ತೇನೆ ಎಂದಳು, ಸಂಜೆಗೆ ತಲೆನೋವಾಯಿತು. ಅವಳು ಕೊಟ್ಟದ್ದು ಉತ್ತರವೇ. ಆ ಉತ್ತರವನ್ನು ಕೇಳಿಸಿಕೊಳ್ಳದೆ ಮರುದಿನ ಕ್ಯಾಟಲಾಗ್ ಕಳಿಸಿದರೆ, ಇಲ್ಲವೇ ಅವಳಿಗೆ ಅನುಕೂಲವಾಗಲೆಂದು ಪಾರ್ಟಿಯನ್ನೇ ಮುಂದಿನ ಶನಿವಾರಕ್ಕೆ ಹಾಕಿದರೆ, ಅವಳಿಗೆ ಇನ್ನು ಓಡಿಹೋಗಲು ಜಾಗವೇ ಉಳಿಯುವುದಿಲ್ಲ.

ನಮ್ಮಲ್ಲಿ ಅರಿಶಿನ ಕುಂಕುಮಕ್ಕೆ ಕರೆಯುವ ವಾಡಿಕೆಯಲ್ಲೂ ಬಾರದವರ ಮನೆಗೆ ಏನೋ ಹೋಗುತ್ತದೆ. ವರಮಹಾಲಕ್ಷ್ಮಿಯ ದಿನ ಬರಲಾಗದ ಪಕ್ಕದ ಮನೆಯವಳಿಗೆ ತಾಂಬೂಲವನ್ನು ಮಗಳ ಕೈಯಲ್ಲಿ ಕಳಿಸಿಕೊಡುತ್ತಾರೆ. ಯಾಕೆ ಬರಲಿಲ್ಲವೆಂದು ಆ ವೀಳ್ಯದೆಲೆ ಕೇಳುವುದಿಲ್ಲ, ತಿರುಗಿ ಏನನ್ನೂ ಬೇಡುವುದಿಲ್ಲ. ಕ್ಯಾಟಲಾಗ್ ಹಿಡಿದುಕೊಂಡು ಹೋದ ಕೈ ಆರ್ಡರಿನ ಜೊತೆಗೇ ಹಿಂತಿರುಗಬೇಕು. ಮನೆ ಪಾರ್ಟಿ ಆತಿಥ್ಯದ ರೂಪವನ್ನಷ್ಟೇ ಎರವಲು ತಂದು ಅದರ ಕೊಡುವ ಗುಣವನ್ನು ಹೊಸಿಲಾಚೆ ಬಿಟ್ಟಿತು. ಜನ ಬಾರದ ಸಂಜೆ ಆ ಬಿರುಕು ಎದ್ದು ಕಾಣುತ್ತದೆ.

ಟಪ್ಪರ್‌ವೇರ್ 1996ರಲ್ಲಿ ಭಾರತಕ್ಕೆ ಬಂದ ಮೇಲೆ ಬೆಂಗಳೂರಿನ ಮನೆಗಳೂ ಈ ಪಾರ್ಟಿಗಳನ್ನು ಕಂಡವು. ಸಂಸಾರ ನಡೆಸುತ್ತಲೇ ನಾಲ್ಕು ಕಾಸು ಗಳಿಸಿದ ಹೆಂಗಸರು ಇಲ್ಲೂ ಇದ್ದಾರೆ, ಸಂಬಂಧಿಕರ ಮದುವೆಯಲ್ಲಿ ತಮ್ಮನ್ನು ಕಂಡ ಕೂಡಲೇ ಜನ ಸರಿದುಹೋಗುವುದನ್ನು ಕಂಡವರೂ ಇದ್ದಾರೆ. ಆದರೆ ನಮ್ಮ ಊರುಗಳಲ್ಲಿ ಇದಕ್ಕಿಂತ ಹಗುರವಾದ ಒಂದು ಪದ್ಧತಿ ತಾನಾಗಿಯೇ ಬೆಳೆದಿದೆ. ಮನೆಯಲ್ಲಿ ಸೀರೆ ಮಾರುವವರು ಬೆಳಗಿನಿಂದ ಸಂಜೆಯವರೆಗೆ ಬಾಗಿಲು ತೆರೆದಿಟ್ಟು, ಬಿಡುವಾದಾಗ ಬಂದು ನೋಡಿ ಎನ್ನುತ್ತಾರೆ. ಒಬ್ಬಳು ಹನ್ನೊಂದಕ್ಕೆ ಬರುತ್ತಾಳೆ, ಇನ್ನೊಬ್ಬಳು ಮಕ್ಕಳನ್ನು ಶಾಲೆಯಿಂದ ಕರೆತರುವ ದಾರಿಯಲ್ಲಿ. ಎಷ್ಟು ಜನ ಬರಲಿಲ್ಲ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ, ಎಣಿಸಲು ಖಾಲಿ ಕುರ್ಚಿಗಳೇ ಇಲ್ಲ. ಏನು ಮಾರಾಟಕ್ಕಿದೆ ಎಂಬುದೂ ಕರೆಯಲ್ಲೇ ಇರುತ್ತದೆ. ಇಲ್ಲಿ ಕಾನೂನಿನ ಮಾತೂ ಬರುತ್ತದೆ. 2021ರ ಡಿಸೆಂಬರ್ 28ರಂದು ಪ್ರಕಟವಾದ ಗ್ರಾಹಕ ಸಂರಕ್ಷಣೆಯ ನೇರ ಮಾರಾಟ ನಿಯಮಗಳ ಪ್ರಕಾರ, ನೇರ ಮಾರಾಟಗಾರರು ಮಾತಿನ ಆರಂಭದಲ್ಲೇ ತಾವು ಯಾರು, ಯಾವ ಕಂಪನಿಯವರು, ಬಂದ ಉದ್ದೇಶವೇನು ಎಂದು ಹೇಳಬೇಕು. ಜನ ಹೆಚ್ಚು ಬರಲೆಂದು ಸುಮ್ಮನೆ ಕಾಫಿಗೆ ಬನ್ನಿ ಎಂದು ಕರೆಯುವ ಉಪಾಯ ಆ ನಿಯಮದ ಆಶಯಕ್ಕೇ ವಿರುದ್ಧ. ಹಾಗೆ ತುಂಬಿದ ಕೋಣೆ ಖಾಲಿ ಕೋಣೆಗಿಂತ ಕೆಟ್ಟದ್ದು.

ಈಗ ಆ ಒಳ್ಳೆಯ ಸಲಹೆಗೆ ಬರೋಣ. ಬಂದ ಮೂವರ ಮುಂದೆ ಮುಖ ಬಾಡಿಸಬಾರದು ಎನ್ನುವುದು ಬರೀ ನಟನೆಯ ಪಾಠವಾಗಬೇಕಿಲ್ಲ. ಅನುಭವಿ ಮಾರಾಟಗಾರ್ತಿಯರು ಇದನ್ನು ನಿಜವಾದ ಕಸುಬಾಗಿ ಬೆಳೆಸಿದ್ದಾರೆ. ಹೇಳಿದ ಹೊತ್ತಿಗೇ ಶುರುಮಾಡುತ್ತಾರೆ, ಯಾಕೆಂದರೆ ಕಾಯುವಷ್ಟೂ ಹೊತ್ತು ಬಂದವರಿಗೆ ತಾವು ಸಾಲದವರೆಂದು ಹೇಳಿದಂತೆ. ಹೆಚ್ಚಿನ ಕುರ್ಚಿಗಳನ್ನು ಒಳಗಿಟ್ಟು ಎಲ್ಲರೂ ಊಟದ ಮೇಜಿನ ಸುತ್ತ ಕೂರುತ್ತಾರೆ. ಆಟ, ಬಹುಮಾನ, ನಿಂತು ಮಾಡುವ ಭಾಷಣ ಎಲ್ಲ ಬಿಟ್ಟು, ನಿಮ್ಮ ಅಡುಗೆಮನೆಯಲ್ಲಿ ಯಾವುದು ಬೇಗ ಮುಗ್ಗುತ್ತದೆ, ಫ್ರಿಜ್ಜಿನಲ್ಲಿ ಯಾವುದಕ್ಕೆ ಜಾಗ ಸಾಲದು ಎಂದು ಕೇಳುತ್ತಾರೆ. ಬೇಡದ ಡಬ್ಬಿಯನ್ನು ಬೇಡವೆಂದು ತಾವೇ ಹೇಳುತ್ತಾರೆ. ಬಾರದವರ ಹೆಸರು ಎತ್ತುವುದಿಲ್ಲ. ಉಡುಗೊರೆಗೆ ಇನ್ನೆಷ್ಟು ರೂಪಾಯಿ ಕಡಿಮೆ ಬಿತ್ತೆಂದು ಮನೆಯೊಡತಿಯ ಎದುರು ಕೂಡಿ ತೋರಿಸುವುದಿಲ್ಲ, ಅದನ್ನು ಕೇಳಿದ ಮೂವರು ಆ ಅಂತರ ತುಂಬಲೆಂದೇ ಕೊಂಡಾರು ಎಂಬ ಎಚ್ಚರ ಅವರಿಗಿರುತ್ತದೆ. ಇಂಥ ಸಂಜೆ ನಡೆಸಬಲ್ಲವಳು ಹತ್ತು ಜನರ ಪಾರ್ಟಿಯನ್ನು ಕುಣಿಸಬಲ್ಲವಳಿಗಿಂತ ಹೆಚ್ಚು ಕಲಿತವಳು ಎಂದು ನಾನು ಅನುಮಾನವಿಲ್ಲದೆ ಹೇಳುತ್ತೇನೆ.

ಆದರೆ ಆ ವಿದ್ಯೆಗೆ ಕೂಲಿಯಿಲ್ಲ. ಮೂವರಿಗೆ ಮನಸಿಟ್ಟು ಕೆಲಸ ಮಾಡಿದ ಎರಡು ಗಂಟೆಗೆ ಸಿಕ್ಕುವುದು ಮೂರು ಆರ್ಡರಿನ ಕಮಿಷನ್ ಮಾತ್ರ. ಈ ಹಣದ ಲೆಕ್ಕ ಬದಲಾಗದೆ ಸಲಹೆಗಳ ಪಟ್ಟಿ ಎಷ್ಟು ಉದ್ದವಾದರೂ ಅಷ್ಟೇ. ಮನೆ ತೆರೆದಿಟ್ಟದ್ದಕ್ಕೇ ಒಡತಿಗೆ ನಿಗದಿಯಾದ ಉಡುಗೊರೆ ಸಲ್ಲಬೇಕು, ಮಾರಾಟ ಎಷ್ಟೇ ಆಗಿರಲಿ. ಮಾರಾಟಗಾರ್ತಿಗೆ ಪ್ರತಿ ಸಂಜೆಗೂ ಹೋಗಿಬರುವ ಖರ್ಚಿನ ಮಟ್ಟಿಗಾದರೂ ಕಂಪನಿಯ ಪಾಲು ಇರಬೇಕು. ಇಷ್ಟು ಮಾಡಿದರೆ ಖಾಲಿ ಕುರ್ಚಿಗಳು ಕಂಪನಿಗೂ ಸುಡಲು ಶುರುವಾಗುತ್ತವೆ. ಒಂದೇ ಬೀದಿಯಲ್ಲಿ ನಾಲ್ಕನೆಯ ಪಾರ್ಟಿ ಬೇಡವೆಂದು ಆಗ ಅದೇ ಹೇಳುತ್ತದೆ. ಅಂಗಡಿಗಳನ್ನು ಬಿಟ್ಟು ಬಂದಿದ್ದ ಟಪ್ಪರ್‌ವೇರ್ 2022ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳ ಶೆಲ್ಫಿಗೆ ಮರಳಿತು, 2024ರ ಸೆಪ್ಟೆಂಬರಿನಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಸಾಲದ ಹೊರೆ, ಅಗ್ಗದ ಡಬ್ಬಿಗಳ ಪೈಪೋಟಿ ಎಂದು ಕಾರಣಗಳು ಹಲವು. ಆದರೆ ಕರೆದರೂ ಬಾರದ ಗೆಳತಿಯರು ಎಷ್ಟೋ ವರ್ಷಗಳಿಂದ ಕೊಡುತ್ತಿದ್ದ ಉತ್ತರವನ್ನು ಮಾರಾಟಗಾರ್ತಿಯರ ಸೋಲೆಂದು ಬರೆದುಕೊಳ್ಳದೆ ತನಗೇ ಬಂದ ಸುದ್ದಿಯೆಂದು ಓದಿದ್ದರೆ, ಆ ಕಂಪನಿಗೆ ಬದಲಾಗಲು ಬೇಕಾದಷ್ಟು ಸಮಯವಿತ್ತು.