ಉಸಿರಾಡದ ಗಾಯಕಿ

ಗಾಯಕನೊಬ್ಬನ ಯೋಗ್ಯತೆಯನ್ನು ಅಳೆಯಲು ರಸಿಕರು ಬಳಸುವ ಮಾನದಂಡಗಳಲ್ಲಿ ಶ್ರುತಿ, ಲಯ, ಉಚ್ಚಾರಗಳ ಜೊತೆಗೆ ಹೇಳಿಯೂ ಹೇಳದಂತೆ ಸೇರಿಕೊಂಡಿರುವ ಇನ್ನೊಂದುಂಟು: ಅವನು ಉಸಿರನ್ನು ಎಲ್ಲಿ ತೆಗೆದುಕೊಂಡನು, ಪದವನ್ನು ಮುರಿಯದೆ ತೆಗೆದುಕೊಂಡನೆ, ತೆಗೆದುಕೊಂಡದ್ದು ಕೇಳುವವರ ಗಮನಕ್ಕೆ ಬಾರದಂತೆ ನಡೆದುಕೊಂಡನೆ ಎಂಬುದು. ಈ ಪರೀಕ್ಷೆಗೆ ಒಳಪಡಿಸಲು ಸಾಧ್ಯವೇ ಇಲ್ಲದ ಗಾಯಕಿಯೊಬ್ಬಳು ಜಪಾನಿನಲ್ಲಿ 2007ರಿಂದ ಹಾಡುತ್ತಿದ್ದಾಳೆ. ಹತ್ಸುನೆ ಮಿಕು ಎಂಬ ಹೆಸರಿನ ಈಕೆಗೆ ಶ್ವಾಸಕೋಶವಿಲ್ಲ. ಆದುದರಿಂದ ದಣಿವಿಲ್ಲ, ವಿರಾಮದ ಅಗತ್ಯವಿಲ್ಲ, ದೀರ್ಘಸ್ವರದ ತುದಿಯಲ್ಲಿ ಕಂಠ ಕ್ಷೀಣಿಸುವ ಭಯವೂ ಇಲ್ಲ. ಅಸ್ತಿತ್ವದಲ್ಲಿಯೇ ಇಲ್ಲದ ಹುಡುಗಿಯ ಹಾಡನ್ನು ಕೇಳುವುದರಲ್ಲಿ ಏನು ಸುಖವೆಂದು ವಿಚಾರಿಸುವ ಮಿತ್ರರಿಗೆ ನನ್ನ ಉತ್ತರ ಇಲ್ಲಿಂದಲೇ ಮೊದಲಾಗುತ್ತದೆ. ಈ ಕೊರತೆಯೇ ಅವಳ ಸಂಗೀತದ ಮೂಲಧನ. ಇದನ್ನು ಮರೆಮಾಚಲು ಹೊರಟ ರಚನೆಗಳು ಕೇಳಿ ಮರೆಯತಕ್ಕವಾಗಿಯೂ, ಇದನ್ನೇ ಮುಂದುಮಾಡಿಕೊಂಡು ಹೊರಟವು ಮತ್ತೆ ಮತ್ತೆ ಕೇಳಿಸಿಕೊಳ್ಳತಕ್ಕವಾಗಿಯೂ ಆಗಿವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ವಸ್ತುಸ್ಥಿತಿಯನ್ನು ಮೊದಲು ತಿಳಿಸಿಬಿಡುತ್ತೇನೆ. ಬರೆದುಕೊಟ್ಟ ಸ್ವರವನ್ನೂ ಸಾಹಿತ್ಯವನ್ನೂ ಗಣಕವೇ ಹಾಡುವಂತೆ ಮಾಡುವ ವೋಕಲಾಯ್ಡ್ ಎಂಬ ತಂತ್ರಾಂಶವನ್ನು ಸಿದ್ಧಪಡಿಸಿದ್ದು ಯಮಾಹಾ ಸಂಸ್ಥೆ. ಅದರ ಆರಂಭದ ಸಂಶೋಧನೆಯಲ್ಲಿ ಬಾರ್ಸಿಲೋನಾದ ಪೊಂಪೆಉ ಫಾಬ್ರಾ ವಿಶ್ವವಿದ್ಯಾಲಯದ ಪಾಲೂ ಇದ್ದಿತು. 2004ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಕಂಠಗಳಾದ ಲಿಯಾನ್ ಮತ್ತು ಲೋಲಾ ಇಂಗ್ಲಿಷಿನಲ್ಲಿ ಹಾಡುವಂಥವು. ಅವನ್ನು ಇಂದು ನೆನೆಯುವವರು ವಿರಳ. 2007ರ ಆಗಸ್ಟ್ 31ರಂದು ಸಾಪ್ಪೊರೊ ನಗರದ ಕ್ರಿಪ್ಟನ್ ಫ್ಯೂಚರ್ ಮೀಡಿಯಾ ಎಂಬ ಸಂಸ್ಥೆ ಮಿಕುವನ್ನು ಹೊರತಂದಿತು. ಅನಿಮೆ ಎಂಬ ಜಪಾನೀ ಅನಿಮೇಷನ್ ಕೃತಿಗಳಲ್ಲಿ ಪಾತ್ರಗಳಿಗೆ ದನಿ ಕೊಡುವ ಫುಜಿತಾ ಸಾಕಿ ಎಂಬ ನಟಿ ಅರ್ಥರಹಿತವಾದ ಅಕ್ಷರಮಾಲೆಗಳನ್ನು ನಿಗದಿತ ಸ್ಥಾಯಿಗಳಲ್ಲಿ ಉಚ್ಚರಿಸಿದಳು. ಆ ಧ್ವನಿಯನ್ನು ಸೂಕ್ಷ್ಮಖಂಡಗಳಾಗಿ ಕತ್ತರಿಸಿ, ಬೇಕಾದ ಹಾಗೆ ಜೋಡಿಸಿ ಹಾಡಾಗಿಸುವುದು ಯಂತ್ರದ ಕೆಲಸ. ಕೇಯ್ ಎಂಬ ಚಿತ್ರಕಾರನು ಮಾಂಗಾ ಎಂಬ ಜಪಾನೀ ಚಿತ್ರಕಥೆಗಳ ಶೈಲಿಯಲ್ಲಿ ಬರೆದ ಹುಡುಗಿಯ ಚಿತ್ರ ಪೆಟ್ಟಿಗೆಯ ಮೇಲೆ ಬಂದಿತು. ವಯಸ್ಸು 16, ಎತ್ತರ 158 ಸೆಂಟಿಮೀಟರ್, ತೂಕ 42 ಕಿಲೋ, ಪಚ್ಚೆನೀಲಿಯ ಎರಡು ಉದ್ದ ಜಡೆ. ಇಷ್ಟು ಬಿಟ್ಟರೆ ಅವಳಿಗೆ ಕುಲವಿಲ್ಲ, ಕಥೆಯಿಲ್ಲ. ಸಂಪುಟಗಟ್ಟಲೆ ಪೂರ್ವವೃತ್ತಾಂತವಿಲ್ಲದೆ ನಾಯಕಿಯನ್ನು ರಂಗಕ್ಕೆ ತರಲೊಲ್ಲದ ಮಾಂಗಾದ ನಾಡಿನಲ್ಲಿ ಈ ಬರಿದುತನ ಸಾಮಾನ್ಯ ಸಂಗತಿಯಲ್ಲ.

ಹೀಗೊಬ್ಬಳು ಬರುವಳೆಂದು ಅನಿಮೆ ಬಹುಕಾಲದಿಂದ ನಿರೀಕ್ಷಿಸುತ್ತಲೇ ಇದ್ದಿತು. 1985ರ ‘ಮೆಗಾಜೋನ್ 23’ ಎಂಬ ಕೃತಿಯಲ್ಲಿ ನಗರವೆಲ್ಲ ಆರಾಧಿಸುವ ಗಾಯಕಿ ಗಣಕದ ಸೃಷ್ಟಿಯೆಂದು ಕೊನೆಗೆ ತಿಳಿದುಬರುತ್ತದೆ. 1994ರಲ್ಲಿ ಮೊದಲ ಭಾಗ ಹೊರಬಂದ ‘ಮ್ಯಾಕ್ರಾಸ್ ಪ್ಲಸ್’ನಲ್ಲಿಯ ಶ್ಯಾರನ್ ಆಪಲ್ ಇನ್ನೂ ಉಗ್ರಳು, ಕಾನ್ನೊ ಯೋಕೊ ರಚಿಸಿದ ಅದ್ಭುತವಾದ ಸಂಗೀತದ ಬಲದಿಂದ ಆಕೆ ಶ್ರೋತೃಗಳ ಚಿತ್ತವನ್ನೇ ಅಪಹರಿಸಿ ಒಂದು ನಗರವನ್ನು ವಶಪಡಿಸಿಕೊಳ್ಳುತ್ತಾಳೆ. ಕಲ್ಪನೆಯ ಗಾಯಕಿಯರೆಲ್ಲ ಹೀಗೆ ಸ್ವಂತ ಸಂಕಲ್ಪವುಳ್ಳವರು, ಆದುದರಿಂದಲೇ ಭಯಂಕರರು. 1996ರಲ್ಲಿ ಹೋರಿಪ್ರೊ ಎಂಬ ಕಲಾವಿದರ ಸಂಸ್ಥೆ ದಾತೆ ಕ್ಯೋಕೊ ಎಂಬ ಗಣಕನಿರ್ಮಿತ ತಾರೆಯನ್ನು ನಿಜವಾಗಿಯೇ ಹೊರತಂದಾಗ, ಅವಳ ಹಿಂದೆ ಮರೆಯಲ್ಲಿ ಹಾಡಿದವಳು ಮನುಷ್ಯಳು, ಮುಂದೆ ಕುಣಿದದ್ದು ಬೊಂಬೆ. ಸಂಸ್ಥೆ ಕೊಟ್ಟದ್ದನ್ನು ಜನ ಸುಮ್ಮನೆ ನೋಡಬೇಕಾಗಿತ್ತು, ನೋಡಿ ಮರೆತರು. ಮಿಕುವಾದರೋ ತಾರೆಯಾಗಿ ಬಂದವಳೇ ಅಲ್ಲ. ಪಿಟೀಲಿನಂತೆ ಅಂಗಡಿಯಲ್ಲಿ ಮಾರಾಟವಾದ ಉಪಕರಣ ಅವಳು. ಕೊಂಡವನು ಬರೆದರೆ ಹಾಡುತ್ತಾಳೆ, ಬರೆಯದಿದ್ದರೆ ಮೌನ. ಅವಳನ್ನು ಪ್ರಸಿದ್ಧಿಗೆ ತಂದವರು ಕೋಣೆಯ ಬಾಗಿಲು ಹಾಕಿಕೊಂಡು ಕುಳಿತ ಹೆಸರಿಲ್ಲದ ಹುಡುಗರು. ಹಾಡುಗಳನ್ನು ನಿಕೊ ನಿಕೊ ಡೋಗಾ ಎಂಬ ದೃಶ್ಯತಾಣಕ್ಕೆ ಏರಿಸಿ, ಹೆಸರಿನ ಕೊನೆಗೊಂದು ‘ಪಿ’ ಅಂಟಿಸಿಕೊಂಡು, ಅವರು ನಿರ್ಮಾಪಕರೆಂದು ಕರೆಯಿಸಿಕೊಂಡರು.

ಹಾಡುಗಳ ವಿಚಾರಕ್ಕೆ ಬರೋಣ. 2007ರ ಡಿಸೆಂಬರಿನಲ್ಲಿ ರ್ಯೋ ಎಂಬಾತನು ರಚಿಸಿದ ‘ಮೆಲ್ಟ್’ ಈ ಸಂಗೀತದ ಇತಿಹಾಸದಲ್ಲಿ ಮೈಲಿಗಲ್ಲೆಂದು ಎಲ್ಲರೂ ಒಪ್ಪುತ್ತಾರೆ. ಯಂತ್ರದ ಬಗೆಗಿನ ಕುತೂಹಲದ ಹಾಡುಗಳೇ ತುಂಬಿದ್ದ ಕಾಲದಲ್ಲಿ ಒಬ್ಬ ಹುಡುಗಿಯ ಪ್ರಥಮಾನುರಾಗವನ್ನು ನೇರವಾಗಿ ಹಾಡಿದ್ದು ಅದರ ಮಹತ್ವ. ಇತಿಹಾಸವನ್ನು ಒಪ್ಪಿಕೊಂಡೇ ಹೇಳುತ್ತೇನೆ, ನನಗೆ ಅದರಲ್ಲಿ ವಿಶೇಷ ರುಚಿಯಿಲ್ಲ. ಯಾವ ತರುಣಿಯಾದರೂ ಇನ್ನೂ ಚೆನ್ನಾಗಿ ಹಾಡಬಹುದಾದ ಹಾಡು ಅದು, ಹಲವರು ಹಾಡಿಯೂ ಇದ್ದಾರೆ. 2008ರಲ್ಲಿ ಪೂರ್ಣರೂಪ ತಾಳಿದ, ಕಾಸ್ಮೋ ಎಂಬಾತನ ‘ಹತ್ಸುನೆ ಮಿಕುವಿನ ಅಂತರ್ಧಾನ’ದ ಮಾತು ಬೇರೆ. ನಿಮಿಷಕ್ಕೆ 70ರಿಂದ 150 ಬಡಿತಗಳ ಗತಿ ಈ ಕಂಠಕ್ಕೆ ಸಲ್ಲುವುದೆಂದು ತಯಾರಕರು ಸೂಚಿಸಿದ್ದರೆ, ಈತನು 240ಕ್ಕೆ ಏರಿಸಿದನು. ಗಣಕದಿಂದ ಅಳಿಸಿಹೋಗಲಿರುವ ತಂತ್ರಾಂಶವೊಂದು ಉಳಿದ ಕ್ಷಣಗಳಲ್ಲಿ ಹೇಳಬೇಕಾದುದನ್ನೆಲ್ಲ ಹೇಳಿ ಮುಗಿಸಲು ತ್ವರೆಪಡುವುದೇ ಹಾಡಿನ ವಸ್ತುವಾದ್ದರಿಂದ, ಅಕ್ಷರಗಳು ಒಂದರ ಮೇಲೊಂದು ಬಿದ್ದು ಅರ್ಥ ಕೈಗೆ ಸಿಗದೆ ಹೋಗುವ ಆ ವೇಗ ಚಮತ್ಕಾರಕ್ಕಾಗಿ ಬಂದದ್ದಾಗದೆ ಭಾವದ ಒತ್ತಡದಿಂದಲೇ ಹುಟ್ಟಿತು. ಮನುಷ್ಯಕಂಠ ಇದನ್ನು ಹಾಡಿದರೆ ನಾವು ಸಾಹಸವನ್ನು ಮೆಚ್ಚುತ್ತೇವೆ. ಯಂತ್ರ ಹಾಡಿದಾಗ ಸಾಹಸದ ಪ್ರಶ್ನೆಯೇ ಇಲ್ಲವಾಗಿ ದುಃಖವೊಂದೇ ಉಳಿಯುತ್ತದೆ.

ಈ ಮಾರ್ಗವನ್ನು ಕೊನೆಯ ತನಕ ನಡೆದವನು ವೊವಾಕಾ. 2009ರಲ್ಲಿ ‘ಉರಾಒಮೋತೆ ಲವರ್ಸ್’, 2010ರಲ್ಲಿ ‘ರೋಲಿಂಗ್ ಗರ್ಲ್’ ಮತ್ತು ‘ವರ್ಲ್ಡ್ಸ್ ಎಂಡ್ ಡ್ಯಾನ್ಸ್‌ಹಾಲ್’: ಈ ಮೂರನ್ನು ಕೇಳಿದವನಿಗೆ ಆತನ ವ್ಯಾಕರಣವೆಲ್ಲ ತಿಳಿದುಬರುತ್ತದೆ. ಒಂದೇ ಸ್ವರದ ಸುತ್ತ ಬಿಡುವಿಲ್ಲದೆ ಪುಟಿಯುವ ಪಿಯಾನೊ, ಅವಸರದಲ್ಲಿ ಮೆಟ್ಟಿಲಿಳಿಯುವಂಥ ತಾಳ, ವಾಕ್ಯದ ಅಂತ್ಯಕ್ಕೆ ಕಾಯದೆ ಮುಂದಿನ ವಾಕ್ಯದೊಳಕ್ಕೆ ನುಗ್ಗುವ ಸಾಹಿತ್ಯ, ಹಾಗೂ ಇವೆಲ್ಲದರ ನಡುವೆ ಭಾವವಿಕಾರವನ್ನೇ ತೋರದ ಮಿಕುವಿನ ತೆಳುವಾದ ಕಂಠ. ಮತ್ತೆ ಮತ್ತೆ ಉರುಳಿಬೀಳುವ, ಮತ್ತೊಮ್ಮೆ ಉರುಳಲು ಎದ್ದುನಿಲ್ಲುವ ಹುಡುಗಿಯೊಬ್ಬಳು ಕಡೆಗೆ ಉಸಿರನ್ನೇ ತಡೆಹಿಡಿಯುವುದು ‘ರೋಲಿಂಗ್ ಗರ್ಲ್’ನ ಸಾರಾಂಶ. ಉಸಿರೇ ಇಲ್ಲದ ಗಾಯಕಿಯಿಂದ ಉಸಿರು ಹಿಡಿಯುವುದನ್ನು ಹಾಡಿಸಿದ ಈತನಿಗೆ ತನ್ನ ವಾದ್ಯದ ಸ್ವಭಾವ ಚೆನ್ನಾಗಿ ತಿಳಿದಿತ್ತು. ನುರಿತ ನಟಿಯೊಬ್ಬಳು ಇದನ್ನು ಹಾಡಿದ್ದರೆ ಅಳುವನ್ನು ತಾನೇ ಅತ್ತುಬಿಡುತ್ತಿದ್ದಳು, ನಮಗೆ ಮಾಡಲು ಏನೂ ಉಳಿಯುತ್ತಿರಲಿಲ್ಲ. ಮಿಕು ಅಳದಿರುವುದರಿಂದ ಆ ಕೆಲಸ ಕೇಳುವವರ ಪಾಲಿಗೆ ಬರುತ್ತದೆ. ಮುಂದೆ ಹಿತೋರಿಎ ಎಂಬ ವಾದ್ಯಮೇಳವನ್ನು ಕಟ್ಟಿ ತಾನೇ ಹಾಡತೊಡಗಿದ ವೊವಾಕಾ, 2017ರಲ್ಲಿ ‘ಅನ್‌ನೋನ್ ಮದರ್ ಗೂಸ್’ ಎಂಬ ರಚನೆಗಾಗಿ ಮತ್ತೆ ಮಿಕುವಿನ ಬಳಿಗೆ ಬಂದು, 2019ರ ಏಪ್ರಿಲಿನಲ್ಲಿ 31ನೆಯ ವಯಸ್ಸಿಗೆ ತೀರಿಕೊಂಡನು. ಅವನ ಮೇಳದ ಹಾಡುಗಳಲ್ಲಿ ಅವನದೇ ಕಂಠ ಏದುತ್ತ ಓಡುವುದನ್ನು ಕೇಳುವಾಗ, ಯಂತ್ರಕ್ಕೆಂದು ತಾನೇ ಹಾಕಿದ ಹಾದಿಯಲ್ಲಿ ಮನುಷ್ಯನು ಬೆನ್ನಟ್ಟಿ ಬರುತ್ತಿರುವಂತೆ ನನಗೆ ತೋರುವುದುಂಟು.

ಬೆನ್ನಟ್ಟಿದವನು ಅವನೊಬ್ಬನೇ ಆಗಿದ್ದರೆ ಈ ಅಂಕಣಕ್ಕೆ ವಿಷಯವಿರುತ್ತಿರಲಿಲ್ಲ. ಇಂದು ಅನಿಮೆಗಳ ಆರಂಭಗೀತೆಗಳನ್ನು ಕೇಳುವ ನಮ್ಮ ತರುಣರು, ಅವುಗಳಲ್ಲಿ ಹಲವು ಏಕೆ ಅಷ್ಟು ವೇಗವಾಗಿಯೂ, ವಿರಾಮಕ್ಕೆ ಎಡೆಗೊಡದೆಯೂ, ಕೆಳಗಿನ ಸ್ವರದಿಂದ ಮೇಲಿನದಕ್ಕೆ ಒಮ್ಮೆಗೇ ನೆಗೆಯುವಂತೆಯೂ ಇವೆಯೆಂದು ಯೋಚಿಸಿದ್ದಾರೆಯೋ ಇಲ್ಲವೋ. 2010ರಲ್ಲಿ ಹಾಚಿ ಎಂಬ ಹೆಸರಿನಿಂದ ‘ಮಾತ್ರ್ಯೋಷ್ಕಾ’ವನ್ನು ರಚಿಸಿದ ಹುಡುಗನೇ ಮುಂದೆ ಯೊನೆಝು ಕೆನ್ಶಿ ಎಂಬ ನಿಜನಾಮದಿಂದ 2022ರ ‘ಚೈನ್‌ಸಾ ಮ್ಯಾನ್’ಗೂ, ಮಿಯಾಜಾಕಿ ಹಯಾಒ ಅವರ 2023ರ ಚಿತ್ರಕ್ಕೂ ಹಾಡು ಕಟ್ಟಿದವನು. 2020ರಲ್ಲಿ ಆದೊ ಎಂಬ ಮುಖ ತೋರಿಸದ ಗಾಯಕಿಯನ್ನು ಪ್ರಸಿದ್ಧಳನ್ನಾಗಿಸಿದ ‘ಉಸ್ಸೇವಾ’ ಹಾಡಿನ ಕರ್ತೃ ಶುದೊ ಕೂಡ ಈ ಪಂಗಡದವನೇ. ‘ಒಶಿ ನೊ ಕೊ’ ಎಂಬ ಅನಿಮೆಗೆ 2023ರಲ್ಲಿ ಬಂದ ‘ಐಡಲ್’ ಗೀತೆಯನ್ನು ರಚಿಸಿದ, ಯೊಆಸೊಬಿ ಜೋಡಿಯ ಅಯಾಸೆ ಕೂಡ ಮೊದಲು ಯಂತ್ರಕಂಠಕ್ಕೆ ಬರೆದು ಕೈ ಪಳಗಿಸಿಕೊಂಡವನು. ದಣಿಯದ ಕಂಠಕ್ಕೆ ಬರೆದು ಬರೆದು ರೂಢಿಯಾದ ಲೇಖನಿ ಮನುಷ್ಯಕಂಠಕ್ಕೆ ಬರೆಯುವಾಗ ದಯೆಯನ್ನು ಮರೆಯಿತು. ಆ ಹಾಡುಗಳನ್ನು ಕೇಳುತ್ತಲೇ ಬೆಳೆದ ಗಾಯಕರು ದಯೆಯನ್ನು ಬೇಡಲೂ ಇಲ್ಲ. 2015ರ ವರ್ಷಾಂತ್ಯದಲ್ಲಿ ಎನ್‌ಎಚ್‌ಕೆ ವಾಹಿನಿಯ ಕೋಹಾಕು ಗಾಯನೋತ್ಸವದಲ್ಲಿ, ಗಮಕಪ್ರಧಾನವಾದ ಎಂಕಾ ಸಂಪ್ರದಾಯದ ಹಿರಿಯ ಗಾಯಕಿ, ಅರುವತ್ತು ದಾಟಿದ ಕೋಬಾಯಾಶಿ ಸಾಚಿಕೊ, ಮಿಕುವಿಗಾಗಿ 2011ರಲ್ಲಿ ಹುಟ್ಟಿದ ‘ಸೆನ್‌ಬೊನ್‌ಜಾಕುರಾ’ವನ್ನು ಹಾಡಿದಳು. ಹಾಡು ಆಕೆಯ ಕಂಠದಲ್ಲಿ ಬಹಳ ಠೀವಿಯಿಂದಲೇ ನಿಂತಿತು. ಆದರೂ ಮೂಲದಲ್ಲಿ ಇದ್ದ ಸೂಜಿಮೊನೆಯ ಹರಿತ ಅಲ್ಲಿ ಕಾಣಲಿಲ್ಲ.

ಈ ರಚನಕಾರರೆಲ್ಲ ತರುಣರ ಸಾಲಿನವರು. ನನಗೆ ಅತ್ಯಂತ ಪ್ರಿಯವಾದ ಕೃತಿ ಎಂಬತ್ತು ವರ್ಷದ ವೃದ್ಧನೊಬ್ಬನದು. ತೆಜುಕಾ ಒಸಾಮು ಅವರ ‘ಜಂಗಲ್ ಎಂಪರರ್’ ಅನಿಮೆಗೆ 1965ರಲ್ಲಿ ಸಂಗೀತ ನೀಡಿದ, 1974ರಲ್ಲಿ ಮೂಗ್ ಸಿಂಥಸೈಜರಿನ ಮೇಲೆ ದೆಬ್ಯುಸ್ಸಿಯ ರಚನೆಗಳನ್ನು ನುಡಿಸಿ ಲೋಕವಿಖ್ಯಾತರಾದ ಟೊಮಿತಾ ಇಸಾವೊ, 2012ರ ನವೆಂಬರಿನಲ್ಲಿ ಟೋಕಿಯೋದಲ್ಲಿ ‘ಇಹತೋವ್ ಸಿಂಫನಿ’ಯನ್ನು ಪ್ರದರ್ಶಿಸಿದರು. ಇಹತೋವ್ ಎಂಬುದು ಇವಾತೆ ಪ್ರಾಂತದ ಕವಿ ಮಿಯಾಜಾವಾ ಕೆಂಜಿ ತನ್ನ ನಾಡಿಗೆ ಕಲ್ಪಿಸಿಕೊಟ್ಟ ಸ್ವಪ್ನನಾಮ. ಆತನ ಕಥಾಲೋಕವೇ ಕೃತಿಯ ವಸ್ತು. ಪೂರ್ಣ ವಾದ್ಯವೃಂದ, ದೊಡ್ಡವರ ಹಾಗೂ ಮಕ್ಕಳ ಗಾಯನವೃಂದಗಳ ನಡುವೆ ಮಿಕು ಏಕಗಾಯಕಿ. ಸಾಮಾನ್ಯವಾಗಿ ಅವಳ ಕಛೇರಿಗಳಲ್ಲಿ ಪೂರ್ವನಿಶ್ಚಿತವಾದ ಅವಳ ಗತಿಯನ್ನು ವಾದ್ಯಗಾರರು ಹಿಂಬಾಲಿಸಬೇಕಾಗುತ್ತದೆ. ಟೊಮಿತಾ ಇದನ್ನು ಒಪ್ಪದೆ, ಅವಳೇ ವಾದ್ಯವೃಂದದ ನಿರ್ದೇಶಕನ ಕೋಲಿನ ಚಲನೆಗೆ ಹೊಂದಿಕೊಂಡು ಹಾಡುವಂತೆ ಏರ್ಪಾಡು ಮಾಡಿಸಿದರು. ಅವರಿಗೆ ವೇಗ ಬೇಕಿರಲಿಲ್ಲ. ಸಾವಿನಾಚೆಯ ರೈಲುಪ್ರಯಾಣವೊಂದರ ಕಥೆಗೆ, ಮಕ್ಕಳ ಜೀವಂತ ಕಂಠಗಳ ಪಕ್ಕದಲ್ಲಿ, ಈ ಲೋಕದ್ದಲ್ಲದ ಒಂದು ಕಂಠ ಬೇಕಾಗಿತ್ತು. ಆ ಕೆಲಸವನ್ನು ಮಾಡಲು ಬದುಕಿರುವ ಯಾವ ಗಾಯಕಿಗೂ ಆಗದು. ಇದನ್ನು ಬರಿಯ ವಿಚಿತ್ರವೆಂದು ತಳ್ಳಿಹಾಕುವ ಶಾಸ್ತ್ರೀಯ ಸಂಗೀತದ ಮಡಿವಂತರು ಕೃತಿಯನ್ನು ಆಲಿಸುವ ತಾಳ್ಮೆ ತೋರಿದ್ದಾರೆಯೇ ಎಂಬ ಸಂದೇಹ ನನಗಿದೆ. ಅದರ ಮರುವರ್ಷವೇ ಶಿಬುಯಾ ಕೇಯಿಚಿರೊ ಅವರ ಒಪೆರಾ ‘ದಿ ಎಂಡ್’, ಅದರಲ್ಲಿ ಮನುಷ್ಯಗಾಯಕರನ್ನೇ ಇಟ್ಟುಕೊಳ್ಳದೆ, ಪ್ಯಾರಿಸಿನ ಶಾತ್ಲೆ ರಂಗಮಂದಿರವನ್ನು ಏರಿತು. ಬುದ್ಧಿಗೆ ಹಿಡಿಸುವ ಕೃತಿ, ಹೃದಯಕ್ಕೆ ಸ್ವಲ್ಪ ದೂರ.

ಪಾರದರ್ಶಕ ಪರದೆಯ ಮೇಲೆ ಅವಳ ಬಿಂಬ ಕುಣಿಯುವ ಕಛೇರಿಗಳ ಕುರಿತು ಪತ್ರಿಕೆಗಳು ಸಾಕಷ್ಟು ಬೆರಗುಪಟ್ಟಿವೆ. ಪಿ. ಬಿ. ಶ್ರೀನಿವಾಸರ ಕಂಠವನ್ನು ರಾಜಕುಮಾರರ ತುಟಿಗಳ ಮೇಲೆ ಕೇಳಿ ಬೆಳೆದ ನಮಗೆ, ದನಿಯೊಂದು ಕಡೆ ದೇಹವೊಂದು ಕಡೆ ಇರುವುದು ಅಂಥ ಅಚ್ಚರಿಯೇನಲ್ಲ. 2024ರ ಉತ್ತರ ಅಮೆರಿಕದ ಪ್ರವಾಸದಲ್ಲಿ ಪಾರದರ್ಶಕ ಪರದೆಯ ಬದಲು ಸಾಮಾನ್ಯ ಎಲ್‌ಇಡಿ ಪರದೆಯನ್ನಿಟ್ಟರೆಂದು ಅಭಿಮಾನಿಗಳು ಕೋಪಗೊಂಡದ್ದು ನ್ಯಾಯವೇ ಇರಬಹುದು. ಹಾಡಿಗಾಗಿ ಹೋದವನಿಗೆ ಅದರಿಂದ ಹೆಚ್ಚಿನ ನಷ್ಟವಾಗಲಿಲ್ಲ.

ನಷ್ಟ ಬೇರೆಡೆ ಸಂಭವಿಸುತ್ತಿದೆ. ಮನುಷ್ಯರು ಯಂತ್ರದ ಹಾಗೆ ಹಾಡಲು ಕಲಿತುಕೊಂಡ ಈ ಕಾಲದಲ್ಲಿಯೇ ಯಂತ್ರಕ್ಕೆ ಮನುಷ್ಯರ ಹಾಗೆ ಹಾಡಲು ಕಲಿಸುವ ಪ್ರಯತ್ನ ಭರದಿಂದ ಸಾಗಿದೆ. 2022ರಲ್ಲಿ ಬಂದ ವೋಕಲಾಯ್ಡ್‌ನ ಆರನೆಯ ಆವೃತ್ತಿಯೂ, ಅದರ ಪ್ರತಿಸ್ಪರ್ಧಿಯಾದ ಸಿಂಥಸೈಜರ್ ವಿ ಎಂಬುದೂ, ಕೃತಕ ಬುದ್ಧಿಯ ನೆರವಿನಿಂದ ಕಂಪನ, ಬಿಗಿ, ಸಡಿಲಗಳನ್ನೆಲ್ಲ ತಾವಾಗಿಯೇ ಊಹಿಸಿ ಹಾಡುತ್ತವೆ. ಮೊದಲು ಇದೇ ಕೆಲಸಕ್ಕೆ ನಿರ್ಮಾಪಕನು ಒಂದೊಂದು ಅಕ್ಷರವನ್ನೂ ಕೈಯಿಂದ ತಿದ್ದುತ್ತ ರಾತ್ರಿಗಳನ್ನು ಕಳೆಯಬೇಕಾಗಿತ್ತು. ತಿದ್ದಿದ ಕೈಯ ಗುರುತಿನಿಂದ, ಕಂಠ ಒಂದೇ ಆಗಿದ್ದರೂ, ಇವನ ಮಿಕು ಬೇರೆ, ಅವನ ಮಿಕು ಬೇರೆ ಎಂದು ನಾವು ಕಣ್ಣುಮುಚ್ಚಿ ಹೇಳಬಹುದಾಗಿತ್ತು. ಹೊಸ ಕಂಠಗಳು ಮಧುರವಾಗಿವೆ, ಅನುಮಾನವಿಲ್ಲ. ಆದರೆ ಒಳ್ಳೆಯ ಗಾಯಕಿಯರಿಗೆ ಜಪಾನಿನಲ್ಲಿ ಬರವೇನೂ ಬಂದಿಲ್ಲ, ಅವರಿಗೆ ಸಮೀಪವಾದ ಅನುಕರಣೆಯಿಂದ ನಾನು ಪಡೆಯತಕ್ಕದ್ದು ಬಹಳವಿಲ್ಲ. 2025ರ ಜನವರಿಯಲ್ಲಿ ತೆರೆಕಂಡ ‘ಪ್ರಾಜೆಕ್ಟ್ ಸೆಕಾಯ್’ ಅನಿಮೆ ಚಿತ್ರದ ಕುರಿತೂ ನನ್ನ ಆಕ್ಷೇಪ ಇದೇ ಜಾತಿಯದು: ಕಥೆಯಿಲ್ಲದಿದ್ದುದೇ ಭಾಗ್ಯವಾಗಿದ್ದ ಮಿಕುವಿಗೆ ಅಲ್ಲಿ ಕಥೆ ಕೊಟ್ಟು, ನೋವು ಕೊಟ್ಟು, ಸಾಂತ್ವನಕ್ಕೆ ಹಚ್ಚಿದ್ದಾರೆ.

ನನ್ನ ವಾದಕ್ಕೆ ಪ್ರತಿವಾದವಾಗಿ ತರುಣರು ಕಾಸಾನೆ ತೆತೊವನ್ನು ಮುಂದೊಡ್ಡುವರೆಂದು ಬಲ್ಲೆ. 2008ರ ಏಪ್ರಿಲ್ 1ರಂದು, ಹೊಸ ವೋಕಲಾಯ್ಡ್ ಬಂದಿದೆಯೆಂದು ಜನರನ್ನು ಮೂರ್ಖರನ್ನಾಗಿಸಲು ಹುಟ್ಟಿಸಿದ ಹುಸಿ ಹುಡುಗಿ ಅವಳು. ಆ ಬಳಿಕ ಉಟಾವು ಎಂಬ ಉಚಿತ ತಂತ್ರಾಂಶದಲ್ಲಿ ಒರಟು ಕಂಠದಿಂದ ಹಾಡಿಕೊಂಡಿದ್ದು, 2023ರಲ್ಲಿ ಸಿಂಥಸೈಜರ್ ವಿ ಕಂಠ ಪಡೆದು ಮರ್ಯಾದಸ್ಥಳಾದಳು. 2024ರಲ್ಲಿ ಎಲ್ಲೆಡೆ ಹಬ್ಬಿದ ‘ಮೆಸ್ಮರೈಜರ್’ನಲ್ಲಿ ಅವಳೂ ಮಿಕುವೂ ಜೊತೆಯಾಗಿ ಹಾಡಿರುವುದು ಮನೋಹರವಾಗಿದೆಯೆಂದು ಒಪ್ಪುತ್ತೇನೆ. ಅಲ್ಲಿ ಎರಡು ಕಂಠಗಳೂ ನಗುಮುಖದ ಕೆಳಗೆ ಏನನ್ನೋ ಅಡಗಿಸಿಟ್ಟುಕೊಂಡು ಸಮತಲವಾಗಿ ಸಾಗುತ್ತವೆ, ತೆತೊವಿಗೆ ಹೊಸದಾಗಿ ದೊರೆತ ಕೌಶಲವನ್ನು ರಚನಕಾರನು ಮೆರೆಯಿಸಲು ಹೋಗಿಲ್ಲ. ಪ್ರತಿವಾದಿಗಳ ಸಾಕ್ಷಿ ಹೀಗೆ ನನ್ನ ಪಕ್ಷದಲ್ಲಿಯೇ ಬಂದು ನಿಂತಿದೆಯೆಂದು ನನ್ನ ಭಾವನೆ. ಅವರು ಒಪ್ಪದಿದ್ದರೆ ‘ರೋಲಿಂಗ್ ಗರ್ಲ್’ ಒಮ್ಮೆ, ‘ಮೆಸ್ಮರೈಜರ್’ ಒಮ್ಮೆ, ಮತ್ತೆ ಟೊಮಿತಾರ ಸಿಂಫನಿ ಒಮ್ಮೆ, ಇದೇ ಕ್ರಮದಲ್ಲಿ ಕೇಳಿಕೊಂಡು ಜಗಳಕ್ಕೆ ಬರಲಿ.