ಮೂರ್ತಕಾವ್ಯವೂ ನೋಟಕಾವ್ಯವೂ

ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕವನ್ನು ತೆರೆಯುವಾಗ, ಮೊದಲ ಪುಟದಲ್ಲಿ ‘ಶ್ರೀ’ ಎಂಬ ಒಂದೇ ಅಕ್ಷರವನ್ನು ಒಂದು, ಎರಡು, ಮೂರು ಎಂದು ಸಾಲುಸಾಲಾಗಿ ಶಿಖರಾಕಾರದಲ್ಲಿ ಬರೆಯುವ ಪದ್ಧತಿ ನಮ್ಮ ವರ್ತಕರಲ್ಲಿ ಉಂಟು. ಅದರ ಬಳಿಯಲ್ಲಿ ಕುಂಕುಮದಿಂದ ಸ್ವಸ್ತಿಕವನ್ನೂ ಬರೆಯುತ್ತೇವೆ. ಮೊದಲನೆಯದರಲ್ಲಿ ಅಕ್ಷರವೇ ಆಕಾರವಾಗುತ್ತದೆ. ಎರಡನೆಯದರಲ್ಲಿ ಅಕ್ಷರವಿಲ್ಲದೆ ಆಕಾರವೇ ಅರ್ಥವನ್ನು ಹೇಳುತ್ತದೆ. ಇಂದಿನ ವಿಮರ್ಶೆಯಲ್ಲಿ ಒಂದರೊಡನೊಂದು ಬೆರೆತುಹೋಗುವ ಕಾಂಕ್ರೀಟ್ ಕಾವ್ಯ ಹಾಗೂ ವಿಷುಯಲ್ ಕಾವ್ಯಗಳ ಭೇದವು ಈ ಒಂದು ಪುಟದಲ್ಲಿಯೇ ಅಡಗಿದೆ.

ಮೊದಲನೆಯದನ್ನು ಮೂರ್ತಕಾವ್ಯವೆಂದು ಕರೆಯಬಹುದು. ಎರಡನೆಯದನ್ನು ದೃಶ್ಯಕಾವ್ಯವೆನ್ನಲು ಬಾರದು. ನಮ್ಮ ಅಲಂಕಾರಶಾಸ್ತ್ರದಲ್ಲಿ ಆ ಹೆಸರು ನಾಟಕಕ್ಕೆ ಸಂದಿದೆ. ಆದುದರಿಂದ ನೋಟಕಾವ್ಯವೆನ್ನೋಣ. 1953ರಲ್ಲಿ ಓಯ್ಗನ್ ಗೋಮ್ರಿಂಗರ್ ತನ್ನ ‘ನಕ್ಷತ್ರಪುಂಜ’ಗಳನ್ನು ಪ್ರಕಟಿಸಿದನು. ಬ್ರೆಜಿಲಿನಲ್ಲಿ ಕಾಂಪೋಸ್ ಸಹೋದರರೂ ಪಿಗ್ನಾತಾರಿಯೂ ಸೇರಿ 1958ರಲ್ಲಿ ಮೂರ್ತಕಾವ್ಯದ ಪ್ರಣಾಳಿಕೆಯನ್ನು ಹೊರತಂದರು. ಇವರಿಗೆ ಪದವೇ ದ್ರವ್ಯ. ಅದರ ಸ್ಥಾನ, ಸಂಖ್ಯೆ, ಪದಗಳ ನಡುವಣ ಬಯಲು ಇವೇ ವ್ಯಾಕರಣ. ನೋಟಕಾವ್ಯವಾದರೋ ಗೆರೆ, ಬಣ್ಣ, ಛಾಯಾಚಿತ್ರಗಳನ್ನೂ ಕೂಡಿಸಿಕೊಳ್ಳುತ್ತದೆ. ಪದವು ಅಲ್ಲಿ ಅತಿಥಿಯಾಗಿ ಉಳಿಯಬಹುದು. ವಿಶಾಲಾರ್ಥದಲ್ಲಿ ಮೂರ್ತಕಾವ್ಯವೂ ನೋಟಕಾವ್ಯದ ಒಂದು ಪ್ರಭೇದವೆನ್ನುವವರುಂಟು. ಆ ನಯವೂ ಸಾಧುವೇ. ಆದರೆ ಅದರಿಂದ ಈ ಭೇದ ಅಳಿಯುವುದಿಲ್ಲ.

“ಇದೆಲ್ಲ ನಮ್ಮ ಚಿತ್ರಕಾವ್ಯದಲ್ಲಿ ಮೊದಲೇ ಇತ್ತು” ಎಂಬ ಮಾತನ್ನು ಅಭಿಮಾನಿಗಳು ಆಡುವುದುಂಟು. ಸಮಂತಭದ್ರಾಚಾರ್ಯರ ‘ಸ್ತುತಿವಿದ್ಯೆ’ಯಲ್ಲಿ ಚತುರ್ವಿಂಶತಿ ತೀರ್ಥಂಕರರ ಸ್ತುತಿಯು ಮುರಜ, ಚಕ್ರ ಮೊದಲಾದ ಬಂಧಗಳಲ್ಲಿದೆ. ಅಜಿತಸೇನರ ‘ಅಲಂಕಾರಚಿಂತಾಮಣಿ’ಯೂ ಚಿತ್ರಾಲಂಕಾರವನ್ನು ವಿಸ್ತಾರವಾಗಿ ವಿವೇಚಿಸುತ್ತದೆ. ಆದರೆ ಒಂದು ಪರೀಕ್ಷೆ ಮಾಡಿರಿ: ಕಣ್ಣಿಲ್ಲದವರೊಬ್ಬರ ಮುಂದೆ ಓದಿರಿ. ಬಂಧದ ಶ್ಲೋಕವು ಛಂದಸ್ಸಿನಲ್ಲಿ ಕಿವಿಗೆ ಪೂರ್ಣವಾಗಿಯೇ ನಿಲ್ಲುತ್ತದೆ. ಚಿತ್ರವು ಅದರೊಳಗಿನ ಅಕ್ಷರವಿನ್ಯಾಸದಿಂದ ಹೊರತೆಗೆದ ಹೆಚ್ಚಿನ ಲಾಭ. ಮೂರ್ತಕಾವ್ಯವನ್ನು ಓದಿದರೆ ಪುಟದಲ್ಲಿದ್ದ ಅರ್ಥದ ಬಹುಭಾಗ ಕಳೆದುಹೋಗುತ್ತದೆ. ನೋಟಕಾವ್ಯದಲ್ಲಿ ಓದಲು ಏನೂ ಇಲ್ಲದಿರಲೂಬಹುದು. ಹೀಗಾಗಿ ಚಿತ್ರಕಾವ್ಯವು ಇವೆರಡರ ಹಿರಿಯ ಬಂಧುವೇ ಹೊರತು ಇವುಗಳಲ್ಲೊಂದಲ್ಲ.

ನಮ್ಮ ಸೀಮೆಯದೇ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಹಿರಿಯೂರಿನ ವಾಣಿವಿಲಾಸಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಕವಿಯೊಬ್ಬನು ‘ಇಲ್ಲ’ ಎಂದು ಎಂಬತ್ತೆಂಟು ಸಾಲು ಬರೆದು, ಕೊನೆಯಲ್ಲಿ ‘ಕೋಡಿ’ ಎಂದು ಒಮ್ಮೆ ಬರೆದರೆ ಅದು ಮೂರ್ತಕಾವ್ಯ. ನಡುವಣ ಒಂದೊಂದು ವರ್ಷಕ್ಕೂ ಒಂದೊಂದು ಸಾಲು. ಎಣಿಕೆಯೇ ಅಲ್ಲಿ ಅರ್ಥ. ಇನ್ನೊಬ್ಬನು ಜಲಾಶಯದ ನಕ್ಷೆಯನ್ನು ಬರೆದು, ಹೊಸದುರ್ಗದ ಕಡೆ ಹಿನ್ನೀರು ನುಗ್ಗಿದ ತೋಟಗಳ ಮೇಲೆ ನೀಲಿಯನ್ನು ಹರಿಸಿ, ‘ನಮ್ಮದು’ ಎಂಬ ಒಂದು ಪದವನ್ನು ಅರ್ಧ ಮುಳುಗಿಸಿದರೆ ಅದು ನೋಟಕಾವ್ಯ. ಮೊದಲನೆಯದು ಕಾದವರ ಹರ್ಷವನ್ನು ಹೇಳಿತು. ಎರಡನೆಯದು ಮುಳುಗಿದವರ ಪಾಡನ್ನು ತೋರಿತು. ಎರಡೂ ಸತ್ಯದ ಒಂದೊಂದು ಮುಖ.

ಹೆಸರಿನ ವಿಷಯದಲ್ಲಿ ಇಷ್ಟು ಹಟವೇಕೆ ಎಂದು ವಾಚಕರು ಕೇಳಬಹುದು. ಅಚೌರ್ಯವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ ಒಂದು, ಪ್ರತಿರೂಪಕವ್ಯವಹಾರ ಮತ್ತೊಂದು. ಅಂದರೆ ತೂಕ-ಅಳತೆಯ ಮೋಸ ಮತ್ತು ಒಂದನ್ನು ತೋರಿ ಇನ್ನೊಂದನ್ನು ಮಾರುವುದು. ಅಂದಕ್ಕಾಗಿ ಎಂಬತ್ತೆಂಟನ್ನು ನೂರು ಮಾಡಿದ ಕವಿ ಮೊದಲನೆಯದಕ್ಕೆ ಒಳಗಾದನು. ಸಾಧಾರಣ ಗದ್ಯವನ್ನು ಮರದ ಆಕಾರಕ್ಕೆ ಕತ್ತರಿಸಿ ಮೂರ್ತಕಾವ್ಯವೆಂದವನು ಎರಡನೆಯದಕ್ಕೆ ಒಳಗಾದನು; ಆಕಾರವನ್ನು ತೆಗೆದರೂ ಅಲ್ಲಿ ಏನೂ ಕಳೆಯುವುದಿಲ್ಲ. ಇಂಥದನ್ನು ಹೊಗಳುವ ವಿಮರ್ಶಕನೂ ಪಾಲುದಾರನೇ.

‘ಶ್ರೀ’ಕಾರದ ಶಿಖರವು ಎಷ್ಟೇ ಸುಂದರವಾಗಿರಲಿ, ಅದರ ಕೆಳಗಿನ ಪುಟಗಳ ಲೆಕ್ಕ ಸರಿಯಿರಬೇಕು. ಕವಿಗೂ ವರ್ತಕನಿಗೂ ಈ ನಿಯಮ ಒಂದೇ.